ರಾಹುಕಾಲಕ್ಕೆ ಮುಂಚೆ

ಮಗಳ ಎರಡನೇ ಜಡೆ ಅರ್ಧಕ್ಕೆ ಬಂದಿತ್ತು, ಲತಾಳ ಫೋನ್ ಬಡಿದುಕೊಂಡಿತು. ಹಾಸನದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಅವಳ ಕೈಕೆಳಗೆ ಕಂಪ್ಯೂಟರ್ ನೋಡಿಕೊಳ್ಳುವ ಮಧುಕುಮಾರ್.

"ಅಕ್ಕಾ, ಅರಕಲಗೂಡು ಬ್ರಾಂಚಿನೋರು ಬಾಯ್ ಬಡ್ಕೊತಾವ್ರೆ. ಒಂದು ಸ್ಕ್ಯಾನೂ ಓಪನ್ ಆಯ್ತಿಲ್ವಂತೆ. ಮೂರ್ನೇ ಸರ್ವರು ಬಿಟ್ಟೋಗದೆ ಕಣಕ್ಕ."

ಮಗಳು ಯಶಸ್ವಿನಿಯನ್ನು ಒಂದೇ ಜಡೆಯಲ್ಲಿ ಸ್ಕೂಟರ್ ಹತ್ತಿಸಿಕೊಂಡು ಲತಾ ಸೆಂಟರಿಗೆ ಓಡಿದಳು. ದಾರಿಯುದ್ದಕ್ಕೂ ಅವಳ ತಲೆಯಲ್ಲಿ ಒಂದೇ ಹುಳ. ಚನ್ನರಾಯಪಟ್ಟಣದ ಬೇರೆ ಲ್ಯಾಬಿನವರು ಮಧುವನ್ನು ಕರೆಯುತ್ತಿದ್ದಾರಂತೆ. ಹೋಗುವವನು ಬೇಕಂತಲೇ ಕೆಡಿಸಿ ಹೋಗುತ್ತಿದ್ದಾನೆಯೆ?

ಎಲ್ಲ ಶಾಖೆಗಳ ಸ್ಕ್ಯಾನುಗಳೂ ಹಾಸನದ ಮೂರು ಸರ್ವರುಗಳಲ್ಲಿದ್ದವು. ಮೂರರ ಡಿಸ್ಕುಗಳೂ ಸೇರಿ ಒಂದೇ ಕಣಜದ ಹಾಗೆ. ನಿನ್ನೆ ಭಾನುವಾರ ಲತಾ ಮತ್ತು ಮಧು, ಯಶಸ್ವಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವುಗಳ ಮೇಲ್ವಿಚಾರಣೆಯನ್ನು ಹೊಸ ಸಾಫ್ಟ್‌ವೇರಿಗೆ ದಾಟಿಸಿದ್ದರು. ದಾಟಿಸುವ ಮುಂಚೆ ಒಂದೊಂದು ಸರ್ವರಿಗೂ ಕಂಪ್ಯೂಟರಿನಲ್ಲೇ ಒಂದು ಬೀಗ ಹಾಕಬೇಕು, ಹೊಸ ಯಜಮಾನನಾದ ಸಾಫ್ಟ್‌ವೇರು ಕೊಡುವ ನೆರೆಹೊರೆಯ ಸರ್ವರುಗಳ ಪಟ್ಟಿಯನ್ನು ಈಗಲೇ ನಂಬಬೇಡ ಅಂತ. ಹಾಕದಿದ್ದರೆ ಸರ್ವರು ಇನ್ನೂ ತುಂಬದ ಆ ಖಾಲಿ ಪಟ್ಟಿಯನ್ನೇ ನಂಬಿ, ತನಗೆ ಯಾರೂ ಇಲ್ಲವೆಂದು ಮಂಕಾಗಿ ಕೂರುತ್ತದೆ.

ಮೂರನೇದಕ್ಕೆ ಬೀಗವೇ ಬಿದ್ದಿರಲಿಲ್ಲ.

"ಅಮ್ಮಾ, ನಿನ್ನೆ..." ಅಂದಳು ಯಶಸ್ವಿನಿ.

"ಸುಮ್ನಿರು ಪುಟ್ಟಿ."

ಲತಾ ನೆರೆಯ ಎರಡು ಸರ್ವರುಗಳ ವಿಳಾಸವನ್ನು ಕೈಯಾರೆ ಬರೆದುಕೊಟ್ಟಳು. ಮೂರನೇದು ಉಸಿರಾಡಿತು. ಅರಕಲಗೂಡಿನ ಸ್ಕ್ಯಾನುಗಳು ಒಂದೊಂದಾಗಿ ತೆರೆದುಕೊಂಡವು. ಮಧು ಮಾತ್ರ ಅವಳ ಮುಖ ನೋಡುತ್ತಿರಲಿಲ್ಲ. ಕಳ್ಳನ ಲಕ್ಷಣವೇ ಇದು, ಅಂದುಕೊಂಡಳು.

ಮಾಲೀಕ ಪುಟ್ಟಸ್ವಾಮಿ ಬಾಗಿಲಿಗೆ ಬಂದರು. ನಿನ್ನೆಯೂ ಅದೇ ಬಾಗಿಲಲ್ಲಿ ನಿಂಬೆಹಣ್ಣು ಹಿಡಿದು ನಿಂತು, "ರಾಹುಕಾಲ ಉಟ್ಟೋದ್ರೊಳ್ಗೆ ಮುಗಿಸ್ಬುಡ್ರಪ್ಪ" ಎಂದು ಇಬ್ಬರ ಜೀವ ತಿಂದವರು.

"ಯಾರಮ್ಮ ಇದು ಮಾಡಿದ್ದು?"

"ಮೊದಲೆರಡಕ್ಕೆ ನಾನು ಬೀಗ ಹಾಕ್ದೆ ಸಾ," ಅಂದ ಮಧು. ಮೂರನೇದರ ಮಾತೆತ್ತದೆ ಕೇಬಲ್ ಸುತ್ತತೊಡಗಿದ.

"ಇನ್ನೊಂದ್ಕೆ ನಿಮ್ಮಪ್ಪ ಬಂದು ಆಕ್ತಾನೇನ್ಲಾ? ಪಟ್ಣದೋರು ಕರೀತಾವ್ರೆ ಅಂತ ಗೊತ್ತು ನಂಗೆ. ಲತಮ್ಮ, ಇವನೇ ತಾನೆ? ಊಂ ಅನ್ನು, ಇವತ್ತೇ ಮನೆಗೆ ಕಳಿಸ್ಬುಡ್ತೀನಿ."

ನುಗ್ಗೇಹಳ್ಳಿಯಲ್ಲಿರುವ ಮಧುವಿನ ಹೆಂಡತಿ ಏಳು ತಿಂಗಳ ಬಸುರಿ, ಲತಾಳಿಗೆ ಗೊತ್ತಿತ್ತು. ಆದರೂ ನಾಲಗೆಯ ತುದಿಗೆ "ಹೂಂ" ಬಂದು ಕೂತಿತು.

ಯಶಸ್ವಿನಿ ಅವಳ ಸೆರಗು ಜಗ್ಗಿದಳು. ಬಿಚ್ಚಿದ ಜಡೆ ಮುಖದ ಮೇಲೆ ಬಿದ್ದಿತ್ತು. ಈ ಸಲ ಗಟ್ಟಿಯಾಗಿಯೇ ಕೇಳಿದಳು:

"ಅಮ್ಮಾ, ನಿನ್ನೆ ನಂಗೆ ಹೊಟ್ಟೆ ಹಸೀತು ಅಂದಾಗ ನೀನು ಮಧು ಮಾಮಂಗೆ, 'ಮೂರನೇದಕ್ಕೆ ನಾನೇ ಹಾಕ್ತೀನಿ, ನೀನು ಹೊರಡು' ಅಂದೆ ಅಲ್ವಾ? ಮೊಸರನ್ನ ಕಲಸಿಕೊಟ್ಟಾದ್ಮೇಲೆ ತಿರುಗಾ ಹೋಗಿ ಬೀಗ ಹಾಕಿದ್ಯಾ?"