ಮುಟ್ಟದೆ ಬಿಟ್ಟ ತುಂಡು

ಕೇಕಿನ ತಟ್ಟೆಯನ್ನು ಬೆನ್ನ ಹಿಂದೆ ಬಚ್ಚಿಡಲು ಹೋಗಿ ಕ್ಲೇಬರ್ ಒಂದಿಷ್ಟು ಪುಡಿಯನ್ನು ಪಾದ್ರಿಯ ಬೂಟಿನ ಮೇಲೆ ಉದುರಿಸಿದ.

"ಏನದು?" ಎಂದರು ಜುಲ್ಮೀರಾ. ತೆರೆದ ಶವಪೆಟ್ಟಿಗೆಯ ಪಕ್ಕ ನೆಟ್ಟಗೆ ಕೂತಿದ್ದ ಅವರು ತೀರಿಕೊಂಡ ಪ್ರೊಫೆಸರ್ ದಾಲ್ವಾ ಅವರ ಅಕ್ಕ.

"ಜೋಳದ ಕೇಕು, ದೋನಾ ಜುಲ್ಮೀರಾ."

"ಕಾಫಿ ಬಿಸ್ಕತ್ತು ಸಾಲದೇನೋ? ಇದೇನು ಹುಟ್ಟುಹಬ್ಬನಾ?"

ಆಸ್ಪತ್ರೆಯಲ್ಲಿ ದಾಲ್ವಾ ಕ್ಲೇಬರ್‌ನ ಕೈಹಿಡಿದು ಮಾತು ತಗೊಂಡಿದ್ದರು: "ನಾನು ಸತ್ತಾಗ ನನಗೂ ನಮ್ಮ ಲ್ಯಾಬಿನ ಪದ್ಧತಿಯೇ ಆಗಬೇಕು. ಹೊಗಳಿದ್ಯೋ, ಎದ್ದು ಬಂದು ಒದೀತೀನಿ." ಈ ಮುದುಕಿಯ ಎದುರು ಅದನ್ನು ನಡೆಸುವುದು ಹೇಗೆ?

*

ಕಾಲಾಜಾರ್ ಜ್ವರದ ರೋಗಾಣುವನ್ನು ಕೊಲ್ಲುವ ಔಷಧ ಹುಡುಕುವುದೇ ದಾಲ್ವಾ ಅವರ ಜೀವಮಾನದ ಕೆಲಸ. ಕ್ಲೇಬರ್ ವಿದ್ಯಾರ್ಥಿಯಾಗಿದ್ದಾಗ ಒಂದು ಬೆಳಿಗ್ಗೆ, ಅವನು ತಯಾರಿಸಿದ ಹೊಸ ಔಷಧದ ಅಣು ಹಾಕಿದ, ಪರೀಕ್ಷಾ ತಟ್ಟೆಯ ಗುಳಿಗಳಲ್ಲೆಲ್ಲ ರೋಗಾಣುಗಳು ಸತ್ತು ಬಿದ್ದಿದ್ದವು. ಇಬ್ಬರೂ ಕುಣಿದರು. ಕೇಕು ತರಿಸಿದರು. ಕತ್ತರಿಸುವ ಹೊತ್ತಿಗೆ, ಹೋಲಿಸಿ ನೋಡಲೆಂದು ಅಣು ಹಾಕದೆ ಬಿಟ್ಟಿದ್ದ ಗುಳಿ ನೆನಪಾಯಿತು. ನೋಡಿದರೆ ಅಲ್ಲೂ ಎಲ್ಲವೂ ಸತ್ತಿದ್ದವು. ಇನ್‌ಕ್ಯುಬೇಟರ್ ಕೆಟ್ಟು, ಕಾವು ಏರಿ, ಎಲ್ಲವನ್ನೂ ಬೇಯಿಸಿಬಿಟ್ಟಿತ್ತು.

ಕ್ಲೇಬರ್ ಅತ್ತೇಬಿಟ್ಟ.

"ಅಳಬೇಡ ಕತ್ತೆ. ತಂದ ಕೇಕು ತಿನ್ನಬೇಕಲ್ಲ? ಎದ್ದು ನಿಂತು, ಸತ್ತ ನಿನ್ನ ಅಣುವಿನ ಬಗ್ಗೆ ಇದ್ದದ್ದು ಇದ್ದ ಹಾಗೆ ಹೇಳು," ಎಂದ ದಾಲ್ವಾ ಒಂದು ತುಂಡನ್ನು ಪಕ್ಕಕ್ಕಿಟ್ಟರು. "ಇದನ್ನ ಯಾರೂ ಮುಟ್ಟಬೇಡಿ. ಏನೂ ಮಾಡದೆ ಬಿಟ್ಟದ್ದು ಒಂದಿದ್ರೆ ತಾನೆ, ನಾವು ಮಾಡಿದ್ದೇನು ಅಂತ ಗೊತ್ತಾಗೋದು?"

ಅಂದಿನಿಂದ ಅಣು ಕೈಕೊಟ್ಟಾಗಲೆಲ್ಲ ಇದೇ ಪದ್ಧತಿ: ಕೇಕು, ಭಾಷಣ, ಮುಟ್ಟದ ತುಂಡು. ಮನೆಯ ಹುಟ್ಟುಹಬ್ಬಗಳಲ್ಲೂ ದಾಲ್ವಾ ಒಂದು ತುಂಡು ಎತ್ತಿಡುವ ಈ ಚಾಳಿ ಬಿಡಲಿಲ್ಲವಂತೆ. ಅವರ ಒಂದು ಅಣುವೂ ಔಷಧದಂಗಡಿ ಮುಟ್ಟಲಿಲ್ಲ. ಆದರೆ ಲ್ಯಾಬಿನ ಕಟ್ಟಡದಲ್ಲಿ ಅವರಷ್ಟು ನಕ್ಕವರೂ ಯಾರೂ ಇಲ್ಲ.

*

"ನಮ್ಮ ದಾಲ್ವಾ ಶಾಂತ ಸ್ವಭಾವದ, ತಾಳ್ಮೆಯ ಹೆಂಗಸು," ಎಂದು ಪಾದ್ರಿ ಶುರುಮಾಡಿದರು.

"ಸುಳ್ಳು, ಫಾದರ್!" ಕ್ಲೇಬರ್‌ನ ಬಾಯಿಂದ ಹಾರಿಯೇ ಹೋಯಿತು. ಸಾಲ್ವದೋರ್ ನಗರದ ಆ ಸೆಕೆಯಲ್ಲೂ ಬೀಸಣಿಗೆಗಳೆಲ್ಲ ನಿಂತವು. ಇನ್ನು ಹಿಂದೆ ಸರಿಯುವಂತಿರಲಿಲ್ಲ. "ಮಹಾ ಸಿಟ್ಟಿನ ಗಿರಾಕಿ. ನನ್ನ ಪ್ರಬಂಧವನ್ನ ಕಿಟಕಿಯಿಂದ ಎಸೆದ್ರು. ಆಮೇಲೆ ತಾವೇ ಇಳಿದು ಹೋಗಿ, ಹೆಕ್ಕಿ ತಂದು, ತಿದ್ದಿಕೊಟ್ರು. ಔಷಧ ಹುಡುಕಿದ್ರು, ಸಿಗಲಿಲ್ಲ. ಯಾವ ಯಾವ ದಾರಿ ಮುಚ್ಚಿದೆ ಅಂತ ಇವತ್ತು ನಮಗೆ ಗೊತ್ತಿರೋದು ಅವರಿಂದಲೇ."

"ಲ್ಯಾಬಲ್ಲಿ ಅವರು ಅಪಸ್ವರದಲ್ಲಿ ಹಾಡ್ತಿದ್ದದ್ದನ್ನ ಹೇಳೋದು ಬಿಟ್ರಿ," ಎಂದಳು ಅವನ ವಿದ್ಯಾರ್ಥಿನಿ ತಾನಿಯಾ. "ಇನ್‌ಕ್ಯುಬೇಟರ್ ಕೆಟ್ಟಿದ್ದು ಅದಕ್ಕೇ ಇರಬೇಕು."

ಹಿಂದಿನ ಸಾಲು ಗೊಳ್ಳೆಂದಿತು. ಜುಲ್ಮೀರಾ ಮೇಲೆದ್ದರು. ನಗು ಗಕ್ಕನೆ ನಿಂತಿತು.

"ನೀನು ಪೂರ್ತಿ ಹೇಳಲಿಲ್ಲ ಕಣೋ," ಎಂದರು ಮುದುಕಿ. "ಇವಳು ಚಿಕ್ಕವಳಿದ್ದಾಗ ನನ್ನ ಸೆಂಟು ಬಾಟಲಿಗಳನ್ನೆಲ್ಲ ಬೆರೆಸಿ ಬೆಕ್ಕಿಗೆ ಬಳಿದಿದ್ಲು. ಅದು ಓಡಿಹೋಗಿ ಪಕ್ಕದ ಮನೆಯವರ ಬೆಕ್ಕಾಯ್ತು. ಕೊಡಿಲ್ಲಿ ಚಾಕು."

ಈ ಸಲ ಪಾದ್ರಿಯೂ ನಕ್ಕರು. ಜುಲ್ಮೀರಾ ತಾವೇ ಕೇಕು ಕೊಯ್ದು ಎಲ್ಲರಿಗೂ ಹಂಚಿದರು. ಕೊನೆಯ ತುಂಡಿಗೆ ಕ್ಲೇಬರ್ ಕೈಚಾಚಿದ. ಅವರು ಅವನ ಕೈಗೆ ಚಟ್ಟನೆ ಹೊಡೆದು, ಆ ತುಂಡನ್ನು ತಮ್ಮ ಬಿಳಿ ಕರವಸ್ತ್ರದ ಮೇಲಿಟ್ಟು, ತಂಗಿಯ ಕಾಲ ಬಳಿ ಹೂವುಗಳನ್ನು ಸರಿಸಿ ಜಾಗ ಮಾಡಿದರು.