ಯಜಮಾನರ ಮಾತೃಭಾಷೆ

ನಮ್ಮ ಯಜಮಾನರು ವೈಜನಾಥಪ್ಪ ಔರಂಗಾಬಾದಿನ ಕನ್ನಡ ಸಂಘದ ಕಾರ್ಯದರ್ಶಿ. ಎಪ್ಪತ್ತೊಂದರ ಜನಗಣತಿ ಬಂದಾಗ ಅವರ ಆರ್ಭಟ ನೋಡಬೇಕಿತ್ತು! "ಮಾತೃಭಾಷೆ ಕನ್ನಡ ಅಂತ ಬರೆಸದವರು ನನಗ ಮಾರಿ ತೋರಿಸಬ್ಯಾಡ್ರಿ" ಎಂದು ಸಂಘದಲ್ಲಿ ಮೇಜು ಗುದ್ದಿ ಬಂದಿದ್ದರು. ಮನೆಯಲ್ಲಿ ಒಂದು ಮೊಳೆ ಹೊಡೆಯಲಾರದ ಕೈ ಅದು.

ಗಣತಿಗೆ ಬಂದವರು ಹರಿದಾಸ ಮಾಸ್ತರರು. ಕನ್ನಡ ಗಡಿಯ ಉದಗೀರಿನವರಾದ್ದರಿಂದ ಕನ್ನಡ ಬರುತ್ತಿತ್ತು. ನಿಯಮವೆಂದರೆ ಅವರಿಗೆ ಪ್ರಾಣ.

"ಮಾತೃಭಾಷೆ?"

"ಕನ್ನಡ!" ಯಜಮಾನರ ದನಿ ಬೀದಿಗೆ ಕೇಳಿಸಿತು.

"ನೀವು ಸಣ್ಣವರಿದ್ದಾಗ ತಾಯಿ ನಿಮ್ಮ ಜೋಡಿ ಮಾತಾಡಿದ ಭಾಷಾ ಯಾವುದ್ರಿ? ಅದಕ್ಕೇ ಮಾತೃಭಾಷೆ ಅಂತಾರ."

ಯಜಮಾನರು ಅವ್ವನ ಕಡೆ ತಿರುಗಿದರು. ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ನಮ್ಮತ್ತೆ ನಾಗಮ್ಮನವರಿಗೆ ಹುಟ್ಟಿನಿಂದಲೇ ಕಿವಿ ಕೇಳದು, ಮಾತೂ ಇಲ್ಲ. ಸಂಘದವರು ಬಂದರೆ ಈ ಮಹಾರಾಯರು ಅತ್ತೆಯನ್ನು ಒಳಕೋಣೆಗೆ ಕಳಿಸುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಅತ್ತಿ ಮಾತೇ ಆಡಿಲ್ರಿ ಮಾಸ್ತರ" ಎಂದು ನಾನೇ ಹೇಳಿಬಿಟ್ಟೆ.

ಮಾಸ್ತರರು ತಲೆ ಕೆರೆದುಕೊಂಡರು. "ನೀವು ಕೂಸಿದ್ದಾಗ ತಾಯಿ ತೀರಿಕೊಂಡಿದ್ರ ಮನಿ ಭಾಷಾ ಬರೀಬಹುದಿತ್ತು. ಇವರು ಇದ್ದಾರಲ್ರೀ!"

"ಅಂದ್ರ ನಮ್ಮವ್ವ ಸಾಯಬೇಕಿತ್ತೇನ್ರಿ?" ಯಜಮಾನರು ಎದ್ದು ನಿಂತರು. "ನಮ್ಮಜ್ಜಿ ಕಲಿಸ್ಯಾಳ ನನಗ ಕನ್ನಡ!"

"ಹಂಗಾದ್ರ ಅದು ಅಜ್ಜಿಭಾಷಾ ಆಯ್ತು."

ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ.

ಅತ್ತೆ ಇಬ್ಬರ ಕೆಂಪು ಮುಖ ನೋಡಿದರು. ಲೋಕದ ಜಗಳಕ್ಕೆಲ್ಲ ಹಸಿವೇ ಕಾರಣವೆಂದು ಅವರ ನಂಬಿಕೆ. ಎದ್ದು ಬಂದು ಮಾಸ್ತರರ ರಟ್ಟೆ ಹಿಡಿದು ಕೂರಿಸಿದರು. ಐದೂ ಬೆರಳು ಕೂಡಿಸಿ ಬಾಯಿಗೆ ತೋರಿಸಿ ಹುಬ್ಬು ಹಾರಿಸಿದರು, ಉಂಡೆಯಾ ಎಂದು. ಉತ್ತರಕ್ಕೆ ಕಾಯದೆ ರೊಟ್ಟಿ, ಪುಂಡಿಪಲ್ಯ ತಂದಿಟ್ಟರು. ಮಾಸ್ತರರು ಸಾಕೆಂದು ಕೈಯಾಡಿಸಿದಾಗ ಇನ್ನೊಂದು ರೊಟ್ಟಿ ಬಿತ್ತು.

ಆಮೇಲೆ ಮಗನ ಕಡೆ ತಿರುಗಿ ಅದೇ ಸನ್ನೆ ಮಾಡಿದರು. ಹೊರಗಿನವರೆದುರು ಅವ್ವನಿಗೆ ಎಂದೂ ಸನ್ನೆ ಮಾಡದ ಯಜಮಾನರು ಮಾಸ್ತರರ ಕಡೆ ಒಮ್ಮೆ ನೋಡಿದರು. ಆಮೇಲೆ ಅವ್ವನ ಕಡೆ ಬೆರಳು ಮಾಡಿ, ತಮ್ಮ ಬಾಯಿ ಮುಟ್ಟಿ, ಅಂಗೈ ಎದೆಗೆ ಒತ್ತಿದರು. ನೀ ಮೊದಲು ಉಣ್ಣು, ನನ್ನದು ಆಮೇಲೆ. ಸಂಘದ ಭಾಷಣದಲ್ಲಿ ತಡವರಿಸುವ ಮನುಷ್ಯ, ಇಲ್ಲಿ ಎಲ್ಲೂ ತಡವರಿಸಲಿಲ್ಲ. ನನಗೆ ಅಳು ಬಂತು, ಹೇಳಲು ನಾಚಿಕೆಯೇನು?

"ಏನ್ ಬರೀಲ್ರಿ ಈಗ?" ಮಾಸ್ತರರು ಬಾಯ್ತುಂಬ ರೊಟ್ಟಿ ಇಟ್ಟುಕೊಂಡೇ ಕೇಳಿದರು.

"ಕನ್ನಡನೇ ಬರಕೋರಿ. ನಮ್ಮವ್ವನ ಭಾಷಾ ಬರೀಲಕ ನಿಮ್ಮ ಸರಕಾರದ ಬಲ್ಲಿ ಅಕ್ಷರ ಇಲ್ಲ."

ಮುಂದಿನ ಭಾನುವಾರ ಸಂಘದ ಸಭೆ ನಮ್ಮ ಮನೆಯಲ್ಲೇ ನಡೆಯಿತು. ಅತ್ತೆ ಪಡಸಾಲೆಯ ನಟ್ಟನಡುವೆ ಕೂತಿದ್ದರು. ಯಜಮಾನರ ಭಾಷಣ ಉದ್ದವಾದಾಗಲೆಲ್ಲ ಬೆರಳು ಕೂಡಿಸಿ ಬಾಯಿಗೆ ತೋರಿಸುತ್ತಿದ್ದರು. ಯಜಮಾನರು ಪ್ರತಿ ಸಲವೂ ಭಾಷಣ ನಿಲ್ಲಿಸಿ, ಎಲ್ಲರೆದುರು ಅವ್ವನಿಗೆ ಉತ್ತರ ಕೊಟ್ಟು ಮುಂದುವರಿಸಿದರು.