ಸೆಕೆಯಾಗದ ಮನುಷ್ಯ

ನನ್ನ ಗಂಡನಿಗೆ ಸೆಕೆಯೇ ಆಗುವುದಿಲ್ಲ ಎಂದು ಬೀದಿಗೆಲ್ಲ ಸಾರಿದವಳು ನಾನೇ. ಬೇರೆ ಯಾರೋ ಹಬ್ಬಿಸಿದ ಸುದ್ದಿಯಲ್ಲ ಅದು. ಅವರು ಹೋಗಿ ಇವತ್ತಿಗೆ ಹದಿನೈದು ದಿನ. ಹೇಳುವುದಾದರೆ ಇಲ್ಲಿಂದಲೇ ಶುರು ಮಾಡಬೇಕು, ಇಲ್ಲದಿದ್ದರೆ ನನ್ನಂಥ ಸುಳ್ಳುಬುರುಕಿ ಇನ್ನೊಬ್ಬಳಿಲ್ಲ.

ನಾವಿಬ್ಬರೂ ಒಂದೇ ಬೇಕರಿಯಲ್ಲಿ ಕೆಲಸಕ್ಕಿದ್ದೆವು. ಅವರು ಹಿಂದೆ ಭಟ್ಟಿಯ ಮುಂದೆ, ನಾನು ಮುಂದೆ ಕೌಂಟರಿನಲ್ಲಿ. ನಡುವೆ ಒಂದು ಗೋಡೆ, ಗೋಡೆಯಲ್ಲಿ ಟ್ರೇ ದಾಟಿಸುವುದಕ್ಕೆ ಒಂದು ಚೌಕ ಕಿಂಡಿ, ಕಿಂಡಿಗೆ ಒಂದು ಬಟ್ಟೆಯ ಪರದೆ. ನಮ್ಮ ಇಪ್ಪತ್ತೆರಡು ವರ್ಷದ ಸಂಸಾರ ಅರ್ಧಕ್ಕರ್ಧ ಆ ಕಿಂಡಿಯಲ್ಲೇ ನಡೆದಿದೆ ಅಂದರೂ ತಪ್ಪಿಲ್ಲ. ಬನ್ನು ಮುಗಿಯಿತು ಎಂದು ನಾನು, ಇನ್ನೈದು ನಿಮಿಷ ತಾಳು ಎಂದು ಅವರು. ಊಟ ಮಾಡಿದಿರಾ ಎಂದು ನಾನು, ಮಾಡಿದೆ ಎಂದು ಅವರು, ಮಾಡದೇ ಇದ್ದರೂ. ಒಳಗೆ ಅವರ ಜೊತೆಗಿದ್ದವನು ಹಿಟ್ಟು ಕಲಸುವವನೊಬ್ಬನೇ. ಕಣ್ಣರೆಪ್ಪೆಯವರೆಗೂ ಮೈದಾ ಮೆತ್ತಿಕೊಂಡಿರುತ್ತಿದ್ದ ಅವನನ್ನು ಎಲ್ಲರೂ ಹಿಟ್ಟಣ್ಣ ಅನ್ನುತ್ತಿದ್ದರು. ನಲವತ್ತು ಮುಟ್ಟುತ್ತಿದ್ದ ಆಸಾಮಿ, ನಮ್ಮವರನ್ನು ಅಣ್ಣ ಎಂದೂ ನನ್ನನ್ನು ಅತ್ತಿಗೆ ಎಂದೂ ಕರೆಯುತ್ತಿದ್ದ.

ಈ ಬೇಸಿಗೆ ಶುರುವಾದ ಮೇಲೆ ಗಿರಾಕಿಗಳ ಬಾಯಲ್ಲಿ ಒಂದೇ ಮಾತು. ಬ್ರೆಡ್ಡು ಕೇಳುವುದಕ್ಕೆ ಮೊದಲೇ, ಏನ್ ಸೆಕೆ ಅಲ್ವಾ. ಚಿಲ್ಲರೆ ಎಣಿಸಿಕೊಳ್ಳುವಾಗ ಇನ್ನೊಂದು ಸಲ, ಬಾಗಿಲು ದಾಟುವಾಗ ಮತ್ತೊಂದು ಸಲ. ಅದಕ್ಕೆ ಉತ್ತರ ಬೇಕಿಲ್ಲ. ಹೋದ ವರ್ಷ ಇಷ್ಟಿರಲಿಲ್ಲ ಅಂದರೆ ಸಾಕು, ಅವರಿಗೆ ಸಮಾಧಾನ. ಹೋದ ವರ್ಷವೂ ಅದನ್ನೇ ಹೇಳಿದ್ದೆವು. ಔಷಧಿ ಅಂಗಡಿಯವರು ತಮ್ಮ ಮಾತ್ರೆಗಳು ಡಬ್ಬಿಯಲ್ಲೇ ಕರಗಿ ಅಂಟಿಕೊಂಡವು ಅನ್ನುತ್ತಿದ್ದರು, ಅಂಚೆಯವಳು ಚಪ್ಪಲಿಗೆ ಟಾರು ಹತ್ತಿದ್ದನ್ನು ಎತ್ತಿ ತೋರಿಸುತ್ತಿದ್ದಳು. ಎಲ್ಲರಿಗೂ ತಮ್ಮ ಸೆಕೆಯೇ ದೊಡ್ಡದು. ಬೆಳಗಿನಿಂದ ಸಂಜೆಯವರೆಗೆ ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು.

ನನಗೋ ಬಾಯಿ ಸುಮ್ಮನಿರುವುದಿಲ್ಲ. ಒಂದು ದಿನ ಎದುರು ಬಿಲ್ಡಿಂಗಿನ ಟೀಚರಮ್ಮ ಬಂದು, ಮನೆಯಲ್ಲಿ ಎರಡು ಎಸಿ ಇದ್ದೂ ನಿದ್ದೆಯಿಲ್ಲ ಎಂದು ಗೊಣಗುತ್ತಾ ನಿಂತರು. ನನಗೆ ಮೈ ಉರಿಯಿತು. ನಿಮ್ಮದೇನು ಸೆಕೆ, ಒಂದು ಸಲ ಇಲ್ಲಿ ಇಣುಕಿ ನೋಡಿ ಎಂದು ಕಿಂಡಿಯ ಪರದೆ ಸರಿಸಿಬಿಟ್ಟೆ. ಒಳಗೆ ನಮ್ಮವರು ಭಟ್ಟಿಯ ಬಾಯಿಗೆ ಉದ್ದ ಹಿಡಿಯ ಹಲಗೆ ಹಾಕಿ ಬ್ರೆಡ್ಡಿನ ಅಚ್ಚು ಎಳೆಯುತ್ತಿದ್ದರು. ಟೀಚರಮ್ಮನ ಮುಖಕ್ಕೆ ಬಿಸಿ ರಪ್ಪೆಂದು ಹೊಡೆದು ಅವರು ಎರಡು ಹೆಜ್ಜೆ ಹಿಂದೆ ಸರಿದರು. ಇವರಿಗೆ ಏನೂ ಆಗಲ್ವಾ ಎಂದು ಕೇಳಿದರು. ಅಭ್ಯಾಸ, ಇವರಿಗೆ ಸೆಕೆ ಅಂದರೇನು ಅಂತಲೇ ಗೊತ್ತಿಲ್ಲ ಅಂದೆ.

ಮಾರನೆಯ ದಿನ ಟೀಚರಮ್ಮ ತಮ್ಮ ತಂಗಿಯನ್ನು ಕರೆದುಕೊಂಡು ಬಂದರು, ತೋರಿಸುವುದಕ್ಕೆ. ಆಮೇಲೆ ಔಷಧಿ ಅಂಗಡಿಯವರು, ಆಮೇಲೆ ಯಾರು ಯಾರೋ. ನಮ್ಮವರಿಗೂ ಅದು ಹಿಡಿಸಿತ್ತು. ಯಾರಾದರೂ ಇಣುಕಿದರೆ ಹೊಗೆಯಾಡುವ ಚಹಾದ ಲೋಟ ಎತ್ತಿ ತೋರಿಸಿ ಗಟಗಟ ಕುಡಿಯುತ್ತಿದ್ದರು. ಆಯಸ್ಸೆಲ್ಲ ಗೋಡೆಯ ಹಿಂದೆ ದುಡಿದ ಮನುಷ್ಯ, ಅವರು ಬೇಯಿಸಿದ ಬ್ರೆಡ್ಡನ್ನು ತಿಂದವರಿಗೆ ಅವರ ಮುಖ ಹೇಗಿದೆ ಎಂದೂ ಗೊತ್ತಿರಲಿಲ್ಲ. ಈಗ ಜನ ನಿಂತು ನೋಡುತ್ತಿದ್ದರೆ ನನಗೆ ಕೋಡು ಮೂಡಿದ ಹಾಗಾಗುತ್ತಿತ್ತು. ಸುಳ್ಳು ಯಾಕೆ ಹೇಳಲಿ, ಮದುವೆಯಾದ ಮೇಲೆ ಗಂಡನ ವಿಷಯದಲ್ಲಿ ನಾನು ಅಷ್ಟು ಹೆಮ್ಮೆಪಟ್ಟದ್ದು ಅದೇ ಮೊದಲು.

ಮನೆಯಲ್ಲಿನ ಕಥೆ ಬೇರೆ. ಮಕ್ಕಳಿಲ್ಲ, ನಾವಿಬ್ಬರೇ, ಕಟ್ಟಡದ ತುದಿಯ ಮಹಡಿಯಲ್ಲಿ ಒಂದೂವರೆ ರೂಮು. ಮೇಲೆ ಸುಡುವ ತಾರಸಿ, ಒಳಗೆ ಬಿಸಿಗಾಳಿ ತಿರುಗಿಸುವ ಒಂದು ಫ್ಯಾನು. ಕೆಲಸ ಮುಗಿಸಿ ಬಂದವರೇ ಅವರು ಬಚ್ಚಲಮನೆಗೆ ಹೋಗಿ ನೆಲಕ್ಕೆ ಎರಡು ಚೊಂಬು ನೀರು ಸುರಿದು, ಆ ಹಾಸುಗಲ್ಲಿನ ಮೇಲೆ ಕೆನ್ನೆ ಇಟ್ಟು ಮಲಗಿಬಿಡುತ್ತಿದ್ದರು. ಅರ್ಧ ಗಂಟೆ ಏಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ನಾನು ಟೀಚರಮ್ಮನನ್ನು ಕರೆಯಲಾ ಎಂದು ಕಿಚಾಯಿಸುತ್ತಿದ್ದೆ. ಅಂಗಡೀಲಿ ಹೇಳ್ಬೇಡ ಕಣೇ, ಮರ್ಯಾದೆ ಹೋಗುತ್ತೆ ಅನ್ನುತ್ತಿದ್ದರು. ಇಬ್ಬರೂ ನಗುತ್ತಿದ್ದೆವು. ಅವರ ಬನಿಯನ್ನು ಹಿಂಡಿದರೆ ಲೋಟ ತುಂಬುವಷ್ಟು ಬೆವರು ಇಳಿಯುತ್ತಿತ್ತು, ಒಣಗಿದ ಮೇಲೆ ಬೆನ್ನಿನ ಜಾಗದಲ್ಲಿ ಉಪ್ಪಿನ ಬಿಳಿ ಗೆರೆ. ದಿನಕ್ಕೆ ಮೂರು ಬನಿಯನ್ನು ಒಗೆದು ಒಗೆದು ನನ್ನ ಬೆರಳ ಸಂದಿ ಬಿರಿದಿತ್ತು. ಅವರಿಗೆ ಎಷ್ಟು ಸೆಕೆಯಾಗುತ್ತದೆ ಎಂದು ಈ ಭೂಮಿಯ ಮೇಲೆ ಸರಿಯಾಗಿ ಗೊತ್ತಿದ್ದವಳು ನಾನೊಬ್ಬಳೇ.

ಸೆಕೆ ಏರಿದ ಎರಡನೆಯ ವಾರ ಭಟ್ಟಿ ಕೋಣೆಯ ಗೋಡೆಯಲ್ಲಿದ್ದ ದೊಡ್ಡ ಫ್ಯಾನು ಸುಟ್ಟುಹೋಯಿತು. ಒಳಗಿನ ಬಿಸಿಯನ್ನು ಹೊರಗೆ ತಳ್ಳುತ್ತಿದ್ದದ್ದು ಅದೊಂದೇ. ರಿಪೇರಿಯವನಿಗೆ ಫೋನು ಮಾಡಿದರೆ ಊರಿನ ಕೂಲರುಗಳೆಲ್ಲ ಅವನ ಅಂಗಡಿಯಲ್ಲಿ ಸಾಲುಗಟ್ಟಿವೆಯಂತೆ, ಒಂದು ವಾರವಾದರೂ ಬೇಕು ಅಂದ. ಬೇಕರಿಯ ಯಜಮಾನರು ಕೆಟ್ಟವರಲ್ಲ. ಕೌಂಟರಿಗೆ ಬಂದು ನನ್ನನ್ನೇ ಕೇಳಿದರು.

"ಏನಮ್ಮಾ, ಫ್ಯಾನಿಲ್ದೆ ಅವನಿಗೆ ಕಷ್ಟ ಆಗುತ್ತಾ? ಫ್ಯಾನ್ ಬರೋವರ್ಗೂ ಹಗಲಿನ ಭಟ್ಟಿ ನಿಲ್ಲಿಸಿಬಿಡ್ಲಾ?"

ಅಂಗಡಿಯಲ್ಲಿ ನಾಲ್ಕೈದು ಜನ ಇದ್ದರು. ಟೀಚರಮ್ಮನೂ ಇದ್ದರು, ನನ್ನ ಬಾಯನ್ನೇ ನೋಡುತ್ತಾ. ಎಲುಬಿಲ್ಲದ ನಾಲಿಗೆ, ಹೊರಳಿಬಿಟ್ಟಿತು.

"ಅವರಿಗಾ? ಅವರ ಪಕ್ಕ ನಿಂತು ಭಟ್ಟಿಗೇ ಸೆಕೆ ಆಗ್ಬೇಕು, ಅಷ್ಟೇ."

ಎಲ್ಲರೂ ನಕ್ಕರು, ಯಜಮಾನರೂ ನಕ್ಕರು, ಮಾತು ಅಲ್ಲಿಗೆ ಮುಗಿಯಿತು. ಕಿಂಡಿಯ ಆಚೆ ಅವರಿಗೆ ಕೇಳಿಸಿತ್ತೋ ಇಲ್ಲವೋ ಗೊತ್ತಿಲ್ಲ. ಅವತ್ತು ಸಂಜೆ ಮಾತ್ರ ಬಚ್ಚಲಿನಲ್ಲಿ ಒಂದು ಗಂಟೆ ಮಲಗಿದರು.

ಫ್ಯಾನು ಕೆಟ್ಟ ಮೂರನೆಯ ದಿನ ಬೆಳಿಗ್ಗೆ ಅವರು ಹಾಸಿಗೆಯ ಅಂಚಿನಲ್ಲಿ ಚಪ್ಪಲಿಗೆ ಕಾಲು ತೂರಿಸದೆ ಸುಮ್ಮನೆ ಕೂತಿದ್ದರು. ಯಾಕೋ ತಲೆ ಭಾರ, ಇವತ್ತು ಹೋಗ್ಲೋ ಬೇಡ್ವೋ ಅಂದರು. ಇಷ್ಟು ವರ್ಷದಲ್ಲಿ ಅಂಥ ಮಾತು ಅವರ ಬಾಯಿಂದ ಬಂದದ್ದೇ ಇಲ್ಲ. ಯಾವ ಹೆಂಡತಿಯಾದರೂ ಹಣೆ ಮುಟ್ಟಿ ನೋಡುತ್ತಿದ್ದಳು. ನಾನು, ಏನ್ರೀ, ನಿಮಗೂ ಶುರುವಾಯ್ತಾ ಸೆಕೆ, ಈಗ ಜನರ ಮುಂದೆ ನಾನೇನು ಹೇಳಲಿ ಅಂದೆ. ತಮಾಷೆಗೇ ಅಂದೆ. ಅವರೂ ನಕ್ಕು ಎದ್ದರು.

ಹನ್ನೊಂದು ಗಂಟೆಗೆ ಕಿಂಡಿಯಿಂದ ಬಂದ ಟ್ರೇಯಲ್ಲಿ ಬ್ರೆಡ್ಡೆಲ್ಲ ಕರಿ ಕಟ್ಟಿತ್ತು. ಅವರ ಕೈಯಲ್ಲಿ ಬ್ರೆಡ್ಡು ಸೀದದ್ದನ್ನು ನಾನು ಕಂಡಿರಲಿಲ್ಲ. ಪರದೆ ಸರಿಸಿ ಇಣುಕಿದೆ. ಅವರು ಭಟ್ಟಿಗೆ ಬೆನ್ನು ಹಾಕಿ ನಿಂತಿದ್ದರು. ಮುಖ ಕೆಂಪಾಗಿ ಬಿಗಿದಿತ್ತು, ಕಣ್ಣು ನನ್ನ ಮೇಲಿದ್ದರೂ ನನ್ನನ್ನು ನೋಡುತ್ತಿರಲಿಲ್ಲ. ಬ್ರೆಡ್ ಹೊರಗೆ ತೆಗೆದ್ನಾ ಎಂದು ಕೇಳಿದರು. ತೆಗೆದಿದ್ದೀರಿ, ಇಲ್ಲೇ ಇದೆ ಅಂದೆ. ಒಂದು ಕ್ಷಣ ಬಿಟ್ಟು ಮತ್ತೆ ಅದನ್ನೇ ಕೇಳಿದರು. ಆಗ ನೋಡಿದೆ, ಅವರ ಬನಿಯನ್ನು ಒಣಗಿತ್ತು. ಕತ್ತಿನಲ್ಲಿ ಹನಿ ಇಲ್ಲ, ತೋಳಿನಲ್ಲಿ ಹನಿ ಇಲ್ಲ. ಹಿಟ್ಟಣ್ಣ ಕಿಂಡಿಯ ಪಕ್ಕದಲ್ಲೇ ನಿಂತಿದ್ದ, ಅವನ ಮೈಯಿಂದ ಬೆವರು ಧಾರೆಯಾಗಿ ಇಳಿಯುತ್ತಿತ್ತು. ಇವರು ಮಾತ್ರ ಈಗಷ್ಟೇ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡವರ ಹಾಗೆ ಒಣಗಿ ನಿಂತಿದ್ದರು.

ನಾನು ನಕ್ಕುಬಿಟ್ಟೆ. ಪರವಾಗಿಲ್ಲ, ಇವತ್ತು ನನಗೆ ಬನಿಯನ್ ಒಗೆಯೋ ಕೆಲಸ ತಪ್ಪಿತು ಅಂದೆ. ಬೆವರುವುದೂ ನಿಂತುಹೋಗಿದೆ, ಮೈ ಭಟ್ಟಿಗೆ ಪೂರ್ತಿ ಒಗ್ಗಿಹೋಗಿದೆ ಎಂದು ನಾನು ನಿಜವಾಗಿಯೂ ನಂಬಿದೆ. ಊರಿಗೆ ಹೇಳಿ ಹೇಳಿ ನನ್ನ ಸುಳ್ಳು ನನಗೇ ಅಂಟಿಕೊಂಡಿತ್ತು. ಪರದೆ ಎಳೆದು, ಹಿಂದೆ ಕಾಯುತ್ತಿದ್ದ ಗಿರಾಕಿಗೂ ಅದನ್ನೇ ಹೇಳಿ ನಗಿಸಿದೆ.

ಒಂದು ಗಂಟೆಗೆ ಟ್ರೇಗಳು ಬಿದ್ದ ಸದ್ದಾಯಿತು. ನಾನು ಓಡಿಹೋಗುವಷ್ಟರಲ್ಲಿ ಹಿಟ್ಟಣ್ಣ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಹಣೆ ಮುಟ್ಟಿದೆ, ಬೆಳಿಗ್ಗೆ ಮುಟ್ಟಬೇಕಾಗಿದ್ದ ಹಣೆಯನ್ನು. ಕೈ ಸುಟ್ಟಿತು. ಯಜಮಾನರು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಒಯ್ದರು. ಅಲ್ಲಿ ಕಾರಿಡಾರಿನಲ್ಲೆಲ್ಲ ಮಂಚಗಳು, ಮಂಚದ ಮೇಲೆ ಒದ್ದೆ ಬಟ್ಟೆ ಹೊದ್ದು ಮಲಗಿದ ಜನ. ನರ್ಸಮ್ಮ ಅವರ ಕಂಕುಳಿಗೆ ಐಸಿನ ಚೀಲ ತುರುಕುತ್ತಾ, ಬೆವರು ಬರೋದು ಯಾವಾಗ ನಿಂತಿತು ಎಂದು ಕೇಳಿದರು. ಯಾಕೆ ಅಂದೆ. ಬೆವರು ನಿಂತರೆ ಮೈ ಸೋತುಹೋಗಿದೆ ಅಂತ, ಎಷ್ಟು ಹೊತ್ತಾಯಿತು ಹೇಳಿ, ಡಾಕ್ಟರಿಗೆ ತಿಳಿಸಬೇಕು ಅಂದರು.

"ಗೊತ್ತಿಲ್ಲ ಸಿಸ್ಟರ್," ಅಂದೆ. "ನಾನು ಮುಂದ್ಗಡೆ ಇರ್ತೀನಿ."

ಸಂಜೆ ಐದೂಮುಕ್ಕಾಲಿಗೆ ಅವರು ಹೋದರು.

ಮನೆಗೆ ಬಂದು ಕೂತ ಜನರೆಲ್ಲ ಹಾರ್ಟು ಅಂದರು. ಭಟ್ಟಿಯನ್ನೇ ಗೆದ್ದವರು, ಅವರಿಗೆ ಬಿಸಿಲು ಏನು ಮಾಡೀತು, ಹಾರ್ಟೇ ಇರಬೇಕು ಎಂದು ಟೀಚರಮ್ಮ ನನ್ನ ಕೈ ಹಿಡಿದುಕೊಂಡು ಹೇಳಿದರು. ಹೂಂ ಅಂದೆ. ಹಾರ್ಟು ಅಂದರೆ ಯಾರ ತಪ್ಪೂ ಇಲ್ಲ. ಜನ ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಾ ಏನ್ ಸೆಕೆ ಅಲ್ವಾ ಎಂದು ಬಾಯಿತಪ್ಪಿ ಅಂದು, ನನ್ನ ಮುಖ ನೋಡಿ ನಾಲಿಗೆ ಕಚ್ಚಿಕೊಳ್ಳುತ್ತಿದ್ದರು. ಅವರು ಎದ್ದುಹೋದ ಮೇಲೆ ನಾನು ಬಚ್ಚಲಿನ ನೆಲಕ್ಕೆ ನೀರು ಸುರಿದು ಅಲ್ಲೇ ಬಿದ್ದುಕೊಳ್ಳುತ್ತಿದ್ದೆ. ಅಳು ಬರುತ್ತಿತ್ತು, ಆದರೆ ಅಳುವುದಕ್ಕೆ ನನಗೆ ಮುಖವಿಲ್ಲ ಅನ್ನಿಸುತ್ತಿತ್ತು. ಆ ಒಣ ಬನಿಯನ್ನನ್ನು ನೋಡಿದ್ದು ನಾನೊಬ್ಬಳೇ, ಅದನ್ನು ನುಂಗಿಕೊಂಡು ಇರುವುದೂ ನಾನೊಬ್ಬಳೇ ಎಂದುಕೊಂಡು ದಿನ ದೂಡಿದೆ.

ಇವತ್ತು ಮಧ್ಯಾಹ್ನ ಹಿಟ್ಟಣ್ಣ ಬಂದ. ಮುಖದಲ್ಲಿ ಹಿಟ್ಟಿರಲಿಲ್ಲ, ಬಾಗಿಲಲ್ಲಿ ಒಂದು ಗಳಿಗೆ ಗುರುತೇ ಸಿಗಲಿಲ್ಲ. ಕುರ್ಚಿ ಬೇಡವೆಂದು ನೆಲದ ಮೇಲೆ ಕೂತ. ಫ್ಯಾನು ಬಂತು ಅಂದ. ಯಜಮಾನರು ತಾವೇ ಹೋಗಿ ಹೊಸದು ತಂದು ಒಂದೇ ದಿನದಲ್ಲಿ ಕೂರಿಸಿದರಂತೆ. ಭಟ್ಟಿಯ ಕೆಲಸಕ್ಕೆ ಈಗ ತನ್ನನ್ನೇ ಹಾಕಿದ್ದಾರೆ ಅಂದ. ಅವನ ಕತ್ತಿನಿಂದ ಬೆವರು ಇಳಿದು ಕಾಲರು ಒದ್ದೆಯಾಗಿತ್ತು. ಅದನ್ನು ನೋಡುತ್ತಾ ನೋಡುತ್ತಾ ನನಗೆ ತಡೆಯಲಾಗಲಿಲ್ಲ. ನನ್ನ ಮರ್ಯಾದೆ ಹಾಳಾಗಲಿ, ಇವನೊಬ್ಬನಾದರೂ ಉಳಿಯಲಿ ಅನ್ನಿಸಿತು.

"ನೋಡು, ಅದು ಹಾರ್ಟಲ್ಲ," ಅಂದೆ. "ಅವತ್ತು ಹನ್ನೊಂದು ಗಂಟೆಗೇ ಅವರ ಬೆವರು ನಿಂತುಹೋಗಿತ್ತು. ನಾನು ಕಣ್ಣಾರೆ ನೋಡ್ದೆ. ನೋಡಿ ನಕ್ಕೆ. ಆಸ್ಪತ್ರೇಲಿ ಕೇಳಿದಾಗ ಗೊತ್ತಿಲ್ಲ ಅಂತ ಸುಳ್ಳು ಹೇಳ್ದೆ. ನಿನ್ನ ಬೆವರು ನಿಂತ ದಿನ ಯಾರನ್ನೂ ಕೇಳ್ಬೇಡ, ಎಲ್ಲ ಬಿಸಾಕಿ ಹೊರಗೆ ಓಡಿ ಬಾ."

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ತಲೆ ಬಗ್ಗಿಸಿ ನೆಲದ ಮೇಲೆ ಬೆರಳಿನಿಂದ ಏನೋ ಗೀಚುತ್ತಿದ್ದ.

"ನಾನೂ ನೋಡಿದ್ದೆ ಅತ್ತಿಗೆ," ಅಂದ. "ಹತ್ತೂವರೆಗೇ ನೋಡಿದ್ದೆ. ಟ್ರೇ ಕೊಡುವಾಗ ಅಣ್ಣನ ಕೈ ತಾಗ್ತು, ಕೆಂಡ ಮುಟ್ಟಿದ ಹಾಗಿತ್ತು. ಮಾತೂ ಏನೇನೋ ಆಡ್ತಿದ್ರು. ನಿಮಗೆ ಹೇಳೋಣ ಅಂತಾನೇ ಕಿಂಡಿ ಹತ್ರ ಬಂದು ನಿಂತಿದ್ದೆ. ಅಷ್ಟರಲ್ಲಿ ನೀವೇ ಪರದೆ ಸರಿಸಿದ್ರಿ. ನೋಡಿ ನಕ್ಕುಬಿಟ್ರಿ. ಹೆಂಡತೀನೇ ನಗ್ತಿದಾರೆ ಅಂದ್ರೆ ಏನೂ ಇರ್ಲಿಕ್ಕಿಲ್ಲ, ನನಗೇನು ಗೊತ್ತಾಗುತ್ತೆ ಅಂತ ಸುಮ್ನಾದೆ."

ತಪ್ಪಾಯ್ತು ಅತ್ತಿಗೆ, ಆಗಲೇ ಹೇಳಬೇಕಾಗಿತ್ತು, ಕ್ಷಮಿಸಿಬಿಡಿ ಎಂದು ಕೈಮುಗಿದ. ಇಷ್ಟನ್ನು ಕೇಳುವುದಕ್ಕೇ ಅವನು ಈ ಬಿಸಿಲಿನಲ್ಲಿ ಅಷ್ಟು ದೂರದಿಂದ ನಡೆದುಕೊಂಡು ಬಂದಿದ್ದ.